ಕೇಳಬೇಕಾದವರು ಕೇಳಲೇ ಇಲ್ಲ

ಓದುಗರ ಪ್ರಶ್ನೆ, ಕಸಿ ಸಂಯೋಜಕಿಯ ಉತ್ತರ

ಆಗಸ್ಟ್ 3 ಅಂಗಾಂಗ ದಾನ ದಿನ. 1994ರಲ್ಲಿ ಅದೇ ದಿನ ದೆಹಲಿಯ ಏಮ್ಸ್‌ನಲ್ಲಿ ಹೃದಯ ಕಸಿ ಯಶಸ್ವಿಯಾಗಿತ್ತು, ದೇಶದಲ್ಲಿ ಅದೇ ಮೊದಲು. ಆ ದಿನದ ನೆನಪಿಗೆ ನಿಮ್ಮ ಪ್ರಶ್ನೆಗಳನ್ನು ಕಳಿಸಿ ಎಂದು ಕೇಳಿದ್ದೆವು. ದಾನ ಮಾಡಬಹುದೇ, ಧರ್ಮ ಒಪ್ಪುತ್ತದೆಯೇ ಎಂದು ಕೇಳುವವರೇ ಹೆಚ್ಚಿರುತ್ತಾರೆ ಅಂದುಕೊಂಡಿದ್ದೆ. ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಆಸ್ಪತ್ರೆಯ ನಡವಳಿಕೆಯ ಬಗ್ಗೆ ಇವೆ. ನಾನು ಹತ್ತೊಂಬತ್ತು ವರ್ಷ ಐಸಿಯು ಸಿಸ್ಟರ್ ಆಗಿದ್ದು, ಈಗ ಒಂಬತ್ತು ವರ್ಷದಿಂದ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕಸಿ ಸಂಯೋಜಕಿ, ಅಂದರೆ ದಾನದ ವಿಷಯದಲ್ಲಿ ಮನೆಯವರಿಗೂ ವೈದ್ಯರಿಗೂ ನಡುವೆ ನಿಲ್ಲುವವಳು. ತಿಳಿದಷ್ಟನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಹೈವೇಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಮೂರನೇ ದಿನ ಡಾಕ್ಟರು ಐಸಿಯು ಬಾಗಿಲಿಗೆ ಬಂದು, ‘ಬ್ರೈನ್ ಡೆಡ್ ಆಗಿದೆ, ಅಂಗಾಂಗ ದಾನ ಮಾಡ್ತೀರಾ?’ ಅಂತ ಒಂದೇ ಉಸಿರಿಗೆ ಕೇಳಿದರು. ಒಳಗೆ ಹೋಗಿ ನೋಡಿದರೆ ಎದೆ ಏರಿಳಿಯುತ್ತಿತ್ತು, ಮೈ ಬೆಚ್ಚಗಿತ್ತು. ನಮ್ಮಮ್ಮ ಅಂಗಾಲು ಸವರಿದಾಗ ಹೆಬ್ಬೆರಳು ಅಲುಗಿತು. ನಾವು ಒಪ್ಪಲಿಲ್ಲ. ಮಾರನೇ ದಿನ ಹೃದಯ ನಿಂತಿತು. ಬದುಕಿದ್ದವನನ್ನು ಸತ್ತ ಅಂದರಾ? ಅಥವಾ ಯಾರಿಗೋ ಸಿಗಬೇಕಾದ ಜೀವವನ್ನು ನಾವೇ ತಪ್ಪಿಸಿದೆವಾ? ಎರಡೂ ಯೋಚನೆ ನಿದ್ದೆ ಕೊಡುತ್ತಿಲ್ಲ.
— ಹೆಸರು ಬೇಡ, ಚಿತ್ರದುರ್ಗ ಜಿಲ್ಲೆ

ಉತ್ತರ: ಅಣ್ಣಾ, ಮೊದಲು ಎರಡನೇ ಯೋಚನೆಯನ್ನು ಇಳಿಸಿಬಿಡಿ. ಕೊಡಲು ಒಪ್ಪುವುದು ನಿಮ್ಮ ಹಕ್ಕು, ಬೇಡ ಅನ್ನುವುದೂ ನಿಮ್ಮ ಹಕ್ಕೇ. ಬೇಡ ಅಂದಿದ್ದಕ್ಕೆ ನೀವು ಯಾರಿಗೂ ಲೆಕ್ಕ ಕೊಡಬೇಕಿಲ್ಲ. ತಪ್ಪು ನಡೆದದ್ದು ಆ ‘ಒಂದೇ ಉಸಿರಿ’ನಲ್ಲಿ. ತಮ್ಮ ಹೋದ ಅನ್ನುವ ಮಾತು ನಿಮ್ಮ ಎದೆಗೆ ಇಳಿಯುವ ಮೊದಲೇ ಅವನ ಕಿಡ್ನಿಯ ಮಾತು ಕಿವಿಗೆ ಬಿತ್ತು. ಹಾಗೆ ಕೇಳಿದರೆ ಯಾರಿಗಾದರೂ ಅನುಮಾನ ಬರುತ್ತದೆ. ನನಗೂ ಬರುತ್ತಿತ್ತು.

ಈಗ ಮೊದಲನೆಯದು. ನಿಮ್ಮ ತಮ್ಮನ ಕೇಸ್ ಶೀಟ್ ನಾನು ನೋಡಿಲ್ಲ. ಆದರೆ ಇಂಥ ಸಾವನ್ನು, ಅಂದರೆ ಹೃದಯ ಮಿಡಿಯುತ್ತಿದ್ದರೂ ಮಿದುಳು ಮತ್ತೆ ಚೇತರಿಸದಂತೆ ನಿಂತುಹೋದದ್ದನ್ನು, ಆಸ್ಪತ್ರೆ ಹೇಗೆ ಖಚಿತ ಮಾಡಿಕೊಳ್ಳಬೇಕು ಎಂದು ಹೇಳಬಲ್ಲೆ. ನಮ್ಮಲ್ಲಿ ಇದಕ್ಕೆ 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಇದೆ. ಅದಕ್ಕೆ 2011ರಲ್ಲಿ ತಿದ್ದುಪಡಿಯಾಗಿ, 2014ರಲ್ಲಿ ಹೊಸ ನಿಯಮಗಳು ಬಂದವು. ಒಬ್ಬ ಡಾಕ್ಟರು ಬಾಗಿಲಲ್ಲಿ ನಿಂತು ಹೇಳಿದರೆ ಅದು ಘೋಷಣೆ ಆಗುವುದಿಲ್ಲ. ನಾಲ್ವರು ವೈದ್ಯರ ಸಹಿ ಬೇಕು: ಆಸ್ಪತ್ರೆಯ ಹೊಣೆ ಹೊತ್ತ ವೈದ್ಯರು, ಸರ್ಕಾರದ ಪ್ರಾಧಿಕಾರ ಒಪ್ಪಿದ ಪಟ್ಟಿಯಿಂದ ಒಬ್ಬ ತಜ್ಞರು, ನರರೋಗ ತಜ್ಞರು ಅಥವಾ ನರಶಸ್ತ್ರತಜ್ಞರು, ಮತ್ತು ರೋಗಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯರು. ನರತಜ್ಞರು ಸಿಗದ ಕಡೆ ಅರಿವಳಿಕೆ ಅಥವಾ ತೀವ್ರನಿಗಾ ತಜ್ಞರನ್ನು ನೇಮಿಸಲು ಅವಕಾಶವಿದೆ. ಅಂಗವನ್ನು ಕಸಿ ಮಾಡುವ ತಂಡದವರು ಯಾರೂ ಈ ನಾಲ್ವರಲ್ಲಿ ಇರುವಂತಿಲ್ಲ. ಪರೀಕ್ಷೆ ಒಮ್ಮೆ ಮಾಡಿದರೆ ಸಾಲದು. ವಯಸ್ಕರಲ್ಲಿ ಕನಿಷ್ಠ ಆರು ಗಂಟೆ ಬಿಟ್ಟು ಎಲ್ಲವನ್ನೂ ಮತ್ತೊಮ್ಮೆ ಮಾಡಬೇಕು. ಅದಕ್ಕೂ ಮೊದಲು ನಿದ್ದೆಯ ಔಷಧಿ ಮೈಯಲ್ಲಿ ಉಳಿದಿಲ್ಲ, ಮೈ ತಣ್ಣಗಾಗಿಲ್ಲ, ರಕ್ತದ ಸೋಡಿಯಂ ತೀರಾ ಏರುಪೇರಾಗಿಲ್ಲ ಎಂದು ನೋಡಿಕೊಂಡಿರಬೇಕು. ಏಕೆಂದರೆ ಇವೂ ಮಿದುಳನ್ನು ಮಂಕು ಮಾಡಬಲ್ಲವು.

ಪರೀಕ್ಷೆ ಹೇಗಿರುತ್ತದೆ ಎಂದು ಒಂದು ಸಲ ಹತ್ತಿರದಿಂದ ತೋರಿಸುತ್ತೇನೆ. ಕಣ್ಣಿಗೆ ಟಾರ್ಚ್ ಬಿಡುತ್ತಾರೆ, ಪಾಪೆ ಕುಗ್ಗುವುದಿಲ್ಲ. ಹತ್ತಿಯ ಎಳೆಯಿಂದ ಕಣ್ಣಗುಡ್ಡೆ ಮುಟ್ಟುತ್ತಾರೆ, ರೆಪ್ಪೆ ಮಿಟುಕುವುದಿಲ್ಲ. ಕಿವಿಯೊಳಗೆ ಐಸ್ ನೀರು ಬಿಡುತ್ತಾರೆ, ಕಣ್ಣು ಆ ಕಡೆ ತಿರುಗುವುದಿಲ್ಲ. ಗಂಟಲಿನ ನಳಿಗೆಯೊಳಗೆ ಕಫ ಹೀರುವ ಸಕ್ಷನ್ ಪೈಪ್ ಇಳಿಸಿದರೆ ಕೆಮ್ಮು ಬರುವುದಿಲ್ಲ. ಕೊನೆಯದು ಉಸಿರಾಟದ ಪರೀಕ್ಷೆ. ಮೊದಲು ಸ್ವಲ್ಪ ಹೊತ್ತು ಪೂರ್ತಿ ಆಮ್ಲಜನಕ ಕೊಟ್ಟು, ಆಮೇಲೆ ವೆಂಟಿಲೇಟರ್ ಕಳಚುತ್ತೇವೆ. ನಳಿಗೆಯ ಮೂಲಕ ಆಮ್ಲಜನಕ ಹರಿಯುತ್ತಲೇ ಇರುತ್ತದೆ. ಹೊದಿಕೆಯನ್ನು ಸೊಂಟದವರೆಗೆ ಸರಿಸಿ ಎಲ್ಲರೂ ಎದೆ, ಹೊಟ್ಟೆ ನೋಡುತ್ತಾ ನಿಲ್ಲುತ್ತೇವೆ. ಎಂಟು, ಹತ್ತು ನಿಮಿಷ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ಉಸಿರಾಟ ನಡೆಸುವ ಮಿದುಳಿನ ಬುಡದಲ್ಲಿ, ಅಂದರೆ ಮಿದುಳಿನ ಕಾಂಡದಲ್ಲಿ, ಒಂದು ಕಿಡಿ ಉಳಿದಿದ್ದರೂ ಅದು ‘ಉಸಿರು ತೆಗೆದುಕೋ’ ಎಂದು ಒದ್ದಾಡಬೇಕು. ರಕ್ತದ ಮಾದರಿಯಲ್ಲಿ ಆ ಅನಿಲದ ಒತ್ತಡ 60 ದಾಟಿದರೂ ಎದೆ ಒಂದು ಕೂದಲೆಳೆಯಷ್ಟೂ ಏಳದಿದ್ದರೆ ಅಲ್ಲಿಗೆ ಮುಗಿಯಿತು. ಎಷ್ಟೋ ಸಲ ನೋಡಿದ್ದೇನೆ. ಪ್ರತಿ ಸಲವೂ ಎದೆ ಏಳಲಿ ಎಂದೇ ಮನಸ್ಸು ಬೇಡುತ್ತದೆ.

ಮನೆಯವರಲ್ಲಿ ಒಬ್ಬರು ಒಪ್ಪಿದರೆ ಎರಡನೇ ಪರೀಕ್ಷೆಗೆ ಅವರನ್ನು ಹಾಸಿಗೆಯ ಪಕ್ಕ ನಿಲ್ಲಿಸಿಕೊಳ್ಳಿ ಎಂದು ನಾನು ನಮ್ಮ ವೈದ್ಯರಲ್ಲಿ ಕೇಳಿಕೊಳ್ಳುತ್ತೇನೆ. ಆ ಹತ್ತು ನಿಮಿಷ ಹೇಳುವುದನ್ನು ನಾನು ಒಂದು ಗಂಟೆ ಮಾತಾಡಿದರೂ ಹೇಳಲಾರೆ.

ಮೈ ಬೆಚ್ಚಗಿದ್ದದ್ದು ಯಂತ್ರ ಉಸಿರು ಕೊಡುತ್ತಿದ್ದುದರಿಂದ, ಹೃದಯ ತನ್ನದೇ ಮಿಡಿತದಲ್ಲಿ ಸ್ವಲ್ಪ ಕಾಲ ನಡೆಯಬಲ್ಲದಾದ್ದರಿಂದ. ಹೆಬ್ಬೆರಳು ಅಲುಗಿದ್ದು ಬೆನ್ನುಹುರಿಯ ಪ್ರತಿವರ್ತನೆ. ಅದಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ. ಮಿದುಳು ಸತ್ತವರಲ್ಲೂ ಕೈಕಾಲು ಹೀಗೆ ಅಲುಗಬಹುದು. ‘ಮುಟ್ಟಿದರೆ ಬೆರಳು ಅಲುಗಬಹುದು, ಹೆದರಬೇಡಿ, ಅದರ ಅರ್ಥ ಇಷ್ಟು’ ಎಂದು ನಿಮ್ಮ ತಾಯಿಗೆ ಮೊದಲೇ ಯಾರಾದರೂ ಹೇಳಿದ್ದರೆ ಅವರು ಈ ಭಾರ ಹೊರಬೇಕಿರಲಿಲ್ಲ. ಅದು ಆಸ್ಪತ್ರೆಯ ಕೆಲಸವಾಗಿತ್ತು. ಆಗದೇ ಹೋಯಿತು. ನಿಮಗೆ ಇನ್ನೂ ಸಮಾಧಾನವಾಗದಿದ್ದರೆ ಆ ಆಸ್ಪತ್ರೆಗೆ ಅರ್ಜಿ ಕೊಟ್ಟು ಕೇಸ್ ಶೀಟಿನ ನಕಲು ಕೇಳಿ. ಎರಡು ಪರೀಕ್ಷೆಗಳಾಗಿ ನಾಲ್ವರೂ ಪ್ರಮಾಣಪತ್ರ ಬರೆದಿದ್ದರೆ ಅದಕ್ಕೆ ಫಾರಂ 10 ಅನ್ನುತ್ತಾರೆ. ಇದ್ದರೆ ಅದನ್ನು ಊರಿನ ನಂಬಿಕಸ್ಥ ಡಾಕ್ಟರರ ಹತ್ತಿರ ಓದಿಸಿಕೊಳ್ಳಿ. ಅಮ್ಮನನ್ನೂ ಜೊತೆಗೆ ಕೂರಿಸಿಕೊಳ್ಳಿ.

ಪ್ರಶ್ನೆ: ನಮ್ಮ ತಾಯಿ ರಾತ್ರಿ ತೀರಿಕೊಂಡರು. ಕಣ್ಣು ಕೊಡಬೇಕೆಂದು ಅವರಿಗೆ ಆಸೆ ಇತ್ತು. ವಾರ್ಡಿನಲ್ಲಿ ಕೇಳಿದರೆ ‘ಅದೆಲ್ಲಾ ನಮ್ಮಲ್ಲಿ ಇಲ್ಲ, ಬೆಳಿಗ್ಗೆ ಬನ್ನಿ’ ಎಂದರು. ಸಣ್ಣ ಆಸ್ಪತ್ರೆಗೆ ಈ ಜವಾಬ್ದಾರಿ ಇಲ್ಲವೇ?
— ಸಾಗರದಿಂದ ಒಬ್ಬ ಗೃಹಿಣಿ

ಉತ್ತರ: ಕಣ್ಣಿಗೆ ವೆಂಟಿಲೇಟರ್ ಬೇಡ, ಐಸಿಯು ಬೇಡ. ಹೃದಯ ನಿಂತು ಸತ್ತವರೂ ಕೊಡಬಹುದು, ಮನೆಯಲ್ಲಿ ಸತ್ತವರೂ ಕೊಡಬಹುದು. ಬೇಕಾದದ್ದು ಹೊತ್ತು ಮಾತ್ರ: ಆರು ಗಂಟೆಯೊಳಗೆ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ತೆಗೆಯಬೇಕು. ‘ಬೆಳಿಗ್ಗೆ ಬನ್ನಿ’ ಅನ್ನುವ ಮಾತಿನಲ್ಲೇ ಆ ಆರು ಗಂಟೆ ಕಳೆದುಹೋಗುತ್ತದೆ. ತೆಗೆಯುವ ವ್ಯವಸ್ಥೆ ತನ್ನಲ್ಲಿ ಇಲ್ಲದ ಆಸ್ಪತ್ರೆಯೂ ಒಂದು ಫೋನ್ ಮಾಡಬಹುದು. ನೇತ್ರ ಬ್ಯಾಂಕಿನವರು ತಾವೇ ಬರುತ್ತಾರೆ. ಹದಿನೈದು ಇಪ್ಪತ್ತು ನಿಮಿಷದ ಕೆಲಸ, ಮುಖ ವಿಕಾರವಾಗುವುದಿಲ್ಲ.

ನನ್ನ ಅಪ್ಪನ ವಿಷಯ ಹೇಳುತ್ತೇನೆ. ತಿಪಟೂರು ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದವರು. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣು ದಾನವಾದ ಸುದ್ದಿ ಓದಿ, ಆ ವಾರವೇ ತಾವೂ ಕಾರ್ಡ್ ಮಾಡಿಸಿಕೊಂಡು ಬಂದು ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದರು. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ‘ಇದು ನಡೆಯುತ್ತೇನಮ್ಮಾ?’ ಅಂತ ನನ್ನನ್ನು ಎರಡು ಸಲ ಕೇಳಿದ್ದರು. ನಡೆಯುತ್ತದೆ. ಪೊರೆಯ ಆಪರೇಷನ್ ಆದವರು, ಕನ್ನಡಕದವರು, ಸಕ್ಕರೆ ಕಾಯಿಲೆಯವರು ಎಲ್ಲರೂ ಕೊಡಬಹುದು. ಕೊನೆಗೆ ಅವರು ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಹೋದರು. ಅಣ್ಣ ಒಬ್ಬನೇ ಇದ್ದ, ಅವನಿಗೆ ಕೈಕಾಲೇ ಆಡಲಿಲ್ಲ. ಆಸ್ಪತ್ರೆಯವರು ಒಬ್ಬರೂ ಕೇಳಲಿಲ್ಲ. ನಾನು ತಲುಪಿದಾಗ ಒಂಬತ್ತೂವರೆ. ಅಪ್ಪನ ರೆಪ್ಪೆ ಅರ್ಧ ತೆರೆದಿತ್ತು. ತಲೆಯ ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಬಗ್ಗಿ ನೋಡಿದೆ. ಕಪ್ಪುಗುಡ್ಡೆಯ ಮೇಲಿನ ಹೊಳಪು ಹೋಗಿ, ಕೆನೆ ಕಟ್ಟಿದ ಹಾಲಿನಂತೆ ಮಸುಕಾಗಿತ್ತು. ಏಳೂವರೆ ಗಂಟೆ ಆಗಿಹೋಗಿತ್ತು.

ಯಾರೋ ಒಬ್ಬರು ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು, ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಐಸಿಯು ಬಿಟ್ಟು ನಾನು ಈ ಕೆಲಸಕ್ಕೆ ಬಂದದ್ದು ಆ ಬೆಳಿಗ್ಗೆಯ ಕಾರಣಕ್ಕೆ.

ಅದಕ್ಕೆ ತಾಯೀ, ನಿಮ್ಮ ಊರಿನ ಆಸ್ಪತ್ರೆಗೆ ಒಂದು ಕಾಗದ ಬರೆಯಿರಿ. ಹತ್ತಿರದ ನೇತ್ರ ಬ್ಯಾಂಕಿನ ನಂಬರನ್ನು ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ಅಂಟಿಸಿ ಎಂದು ಕೇಳಿ. ಮನೆಯಲ್ಲೂ ಒಂದು ಕಡೆ ಬರೆದಿಡಿ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಹೋದಾಗ ಆ ದುಃಖದಲ್ಲೂ ಮನೆಯವರಿಗೆ ಕಣ್ಣಿನ ನೆನಪಾಯಿತು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಕಾರ್ನಿಯಾದ ಮೇಲಿನ ಪದರ, ಒಳಪದರ ಬೇರೆ ಮಾಡಿ ನಾಲ್ವರಿಗೆ ಕಸಿ ಮಾಡಿದರು. ಎರಡು ಕಣ್ಣಿಗೆ ನಾಲ್ಕು ಜನ ಎಂದು ಜನರಿಗೆ ಗೊತ್ತಾಗಿದ್ದೇ ಆಗ.

ಪ್ರಶ್ನೆ: ಚರ್ಮ ದಾನ ಅಂತಾರೆ. ಸುಲಿದ ಹಾಗೆ ಕಾಣಿಸುವುದಿಲ್ಲವೇ?
— ಮಂಡ್ಯದಿಂದ ಒಬ್ಬರು

ಉತ್ತರ: ಇಲ್ಲ. ತೊಡೆ, ಕಾಲು, ಬೆನ್ನಿನಿಂದ ತೆಳುವಾದ ಮೇಲ್ಪದರ ಮಾತ್ರ ತೆಗೆದು ಬ್ಯಾಂಡೇಜ್ ಸುತ್ತುತ್ತಾರೆ. ಮುಖ ಮುಟ್ಟುವುದಿಲ್ಲ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮ ನಿಧಿ ಇದೆ. ರಕ್ತದ ಗುಂಪು ಹೊಂದಬೇಕೆಂದಿಲ್ಲ. ಮೈಯೆಲ್ಲಾ ಸುಟ್ಟವರಿಗೆ ಅದು ಹೊಸ ಚರ್ಮ ಬರುವವರೆಗೆ ಹೊದಿಕೆಯಾಗುತ್ತದೆ.

ಪ್ರಶ್ನೆ: ನಮ್ಮ ಸೋದರಮಾವ ಆಕ್ಸಿಡೆಂಟಿನಾಗ ಹೋದ್ರು, ಅಂಗಾಂಗ ಕೊಟ್ವಿ. ಸಹಿ ಮಾಡಿದ ಮ್ಯಾಲಿನ ಒಂದೂವರೆ ದಿನದ ವೆಂಟಿಲೇಟರ್, ಔಷಧದ್ದು ಸೇರಿಸಿ ಬಿಲ್ ಕೊಟ್ಟಾರ. ಪೋಸ್ಟ್‌ಮಾರ್ಟಂಗೂ ಭಾಳ ಕಾಯಿಸಿದ್ರು. ಇದು ಸರೀನೇನ್ರಿ?
— ಕೊಪ್ಪಳದಿಂದ ಒಬ್ಬ ಅಡತಿ ಅಂಗಡಿಯವರು

ಉತ್ತರ: ಸರಿಯಲ್ಲ ಸರ್. 2014ರ ನಿಯಮ ಇದರಲ್ಲಿ ಸ್ಪಷ್ಟವಾಗಿದೆ. ದಾನಿಯ ದೇಹ ಕಾಪಾಡುವ ಖರ್ಚು, ಅಂಗ ತೆಗೆಯುವ, ಸಾಗಿಸುವ, ಜೋಪಾನ ಮಾಡುವ ಖರ್ಚು ಯಾವುದೂ ದಾನಿಯ ಮನೆಯವರ ಮೇಲೆ ಬೀಳಬಾರದು. ನೀವು ಒಪ್ಪಿಗೆಗೆ ಸಹಿ ಹಾಕಿದ ಹೊತ್ತನ್ನು ಫಾರಂ 8ರಲ್ಲಿ ನೋಡಿ, ಅಲ್ಲಿಂದ ಮುಂದಿನ ಪ್ರತಿ ಸಾಲನ್ನೂ ಬಿಲ್ಲಿನಿಂದ ತೆಗೆಯಿರಿ ಎಂದು ಲಿಖಿತವಾಗಿ ಕೇಳಿ. ಅದಕ್ಕೆ ಮುಂಚಿನ ಚಿಕಿತ್ಸೆಯ ಖರ್ಚು ಬೇರೆ, ಅದನ್ನು ಕೇಳುವ ಹಕ್ಕು ಆಸ್ಪತ್ರೆಗೆ ಇದೆ. ಆಸ್ಪತ್ರೆ ನಿಮ್ಮ ಮಾತಿಗೆ ಒಪ್ಪದಿದ್ದರೆ ರಾಜ್ಯದ ಜೀವಸಾರ್ಥಕತೆ ಸಂಸ್ಥೆಗೆ ದೂರು ಕೊಡಿ. 2007ರಲ್ಲಿ ಶುರುವಾದ ಸಂಸ್ಥೆ ಅದು. ಯಾವ ಅಂಗ ಯಾರಿಗೆ ಎಂದು ಸರದಿಯ ಪ್ರಕಾರ ಗೊತ್ತು ಮಾಡುವವರೂ ಅವರೇ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ‘ಅಂಗ ಕೊಟ್ಟರೆ ಹಳೇ ಬಿಲ್ ಬಿಡುತ್ತೇವೆ’ ಎಂದು ಯಾರಾದರೂ ಚೌಕಾಸಿಗೆ ಬಂದರೆ ಅದೂ ತಪ್ಪೇ. ಬಡವರ ದುಃಖದ ಮೇಲೆ ಬೆಲೆ ಕಟ್ಟಿದಂತೆ ಅದು. ದುಡ್ಡಿಗೆ ಅಂಗದ ವ್ಯವಹಾರ ಮಾಡಿದವರಿಗೆ ಐದರಿಂದ ಹತ್ತು ವರ್ಷ ಜೈಲು, 20 ಲಕ್ಷದಿಂದ 1 ಕೋಟಿವರೆಗೆ ದಂಡ.

ಪೋಸ್ಟ್‌ಮಾರ್ಟಂ ಬಗ್ಗೆ: ಅಪಘಾತದ ಸಾವು ಪೊಲೀಸ್ ಕೇಸು, ಹಾಗಾಗಿ ತಪ್ಪಿಸುವಂತಿಲ್ಲ. ಆದರೆ ಠಾಣೆಗೆ ತಿಳಿಸುವುದು, ವಿಧಿವಿಜ್ಞಾನ ವೈದ್ಯರಿಗೆ ಮೊದಲೇ ಹೇಳಿಡುವುದು, ಬೇಕಾದರೆ ಅವರನ್ನು ಅಂಗ ತೆಗೆಯುವಾಗಲೇ ಕರೆಸಿಕೊಳ್ಳುವುದು ಆಸ್ಪತ್ರೆಯ ಕೆಲಸ. ಮನೆಯವರು ಫೈಲ್ ಹಿಡಿದು ಠಾಣೆಗೂ ಶವಾಗಾರಕ್ಕೂ ಓಡಾಡುವಂತಾಗಬಾರದು. ಕತ್ತಲಾದ ಮೇಲೆ ಪೋಸ್ಟ್‌ಮಾರ್ಟಂ ಇಲ್ಲ ಎಂಬ ಹಳೆಯ ಮಾತು 2021ರ ನವೆಂಬರ್‌ನಿಂದ ಹಾಗೇ ಉಳಿದಿಲ್ಲ. ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ರಾತ್ರಿಯೂ ಮಾಡಬಹುದು, ಅಂಗಾಂಗ ದಾನದ ಪ್ರಕರಣಗಳಿಗೆ ಆದ್ಯತೆ ಕೊಡಬೇಕು ಎಂದು ಕೇಂದ್ರ ಸರ್ಕಾರವೇ ಹೇಳಿದೆ. ಹೊತ್ತು ಹಿಡಿಯುವುದು ನಿಜ. ಹೃದಯ ತೆಗೆದ ಮೇಲೆ ನಾಲ್ಕರಿಂದ ಆರು ಗಂಟೆಯೊಳಗೆ ಬೇರೆ ಎದೆಯಲ್ಲಿ ಮಿಡಿಯಬೇಕು. ಹಾಗಾಗಿ ಪಡೆಯುವವರು ಆಪರೇಷನ್ ಥಿಯೇಟರಿಗೆ ಬರುವವರೆಗೆ ಇಲ್ಲಿ ಕಾಯುತ್ತೇವೆ. ಎಷ್ಟು ಹೊತ್ತು ಆಗಬಹುದು ಎಂದು ಸಹಿ ಹಾಕಿಸುವ ಮುಂಚೆ ಹೇಳಬೇಕು. ಊರಲ್ಲಿ ಗುಂಡಿ ತೋಡಿಕೊಂಡು, ಸೌದೆ ಜೋಡಿಸಿಕೊಂಡು ಜನ ಕಾಯುತ್ತಿರುತ್ತಾರಲ್ಲ.

ಅಂದಹಾಗೆ, ತಿಥಿಗೆ ಯಾವ ಹೊತ್ತು ಹಿಡಿಯಬೇಕೆಂದು ಬಹಳ ಮನೆಯವರು ನನ್ನನ್ನು ಕೇಳುತ್ತಾರೆ. ಎರಡನೇ ಸುತ್ತಿನ ಪರೀಕ್ಷೆ ಮುಗಿದ ಹೊತ್ತೇ ಸಾವಿನ ಹೊತ್ತು. ನಾನು ಅದನ್ನು ಒಂದು ಚೀಟಿಯಲ್ಲಿ ಬರೆದು ಹಿರಿಯರ ಕೈಗೆ ಕೊಡುತ್ತೇನೆ.

ಪ್ರಶ್ನೆ: ನಮ್ಮ ಯಜಮಾನರು ದಾನದ ಕಾರ್ಡ್ ಮಾಡಿಸಿದ್ದಾರೆ. ನನಗೆ ಇಷ್ಟವಿಲ್ಲ. ಆಸ್ಪತ್ರೆಯವರು ನನ್ನನ್ನು ಕೇಳದೆ ತೆಗೆದುಬಿಡುತ್ತಾರಾ?
— ಉಡುಪಿಯಿಂದ ಒಬ್ಬರು

ಉತ್ತರ: ಇಲ್ಲಮ್ಮ. ಕಾರ್ಡ್ ಇದ್ದರೂ ನಮ್ಮಲ್ಲಿ ಮನೆಯವರ ಸಹಿ ಇಲ್ಲದೆ ಮುಂದುವರಿಯುವುದಿಲ್ಲ. ಆದರೆ ಅವರು ಯಾಕೆ ಮಾಡಿಸಿದರು ಎಂದು ಈಗಲೇ, ಇಬ್ಬರೂ ಚೆನ್ನಾಗಿರುವಾಗ, ಒಂದು ಸಲ ಕೂತು ಕೇಳಿ.

ಪ್ರಶ್ನೆ: ನಾನು ಹಾಸನದಲ್ಲಿ ಬಿಎಸ್ಸಿ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಐಸಿಯು ಪೋಸ್ಟಿಂಗಿನಲ್ಲಿ ಇಂಥ ರೋಗಿ ಬಂದರೆ ನನ್ನ ಪಾತ್ರ ಏನು? ಮನೆಯವರ ಹತ್ತಿರ ಏನು ಮಾತಾಡಬೇಕು ಗೊತ್ತಾಗುವುದಿಲ್ಲ ಮೇಡಂ.

ಉತ್ತರ: ತಂಗೀ, ನಿನ್ನ ಕಾಗದ ಓದಿ ಬಹಳ ಸಂತೋಷವಾಯಿತು. ಮೊದಲು ಕಾನೂನು. ಕಸಿಗಾಗಲಿ, ಅಂಗ ತೆಗೆಯುವುದಕ್ಕಾಗಲಿ ನೋಂದಣಿಯಾದ ಆಸ್ಪತ್ರೆಯಲ್ಲಿ ಮಿದುಳು ಸತ್ತಿದೆ ಎಂದು ಖಚಿತವಾದ ಮೇಲೆ, ವೈದ್ಯರು ಸಂಯೋಜಕರ ಜೊತೆ ಸೇರಿ ಮನೆಯವರನ್ನು ಕೇಳಲೇಬೇಕು. ರೋಗಿ ಮೊದಲೇ ಇಚ್ಛೆ ತಿಳಿಸಿದ್ದರೇ ಎಂದು ವಿಚಾರಿಸಬೇಕು. ಇಲ್ಲವಾದರೆ ಹೀಗೊಂದು ದಾರಿ ಇದೆ ಎಂದು ತಿಳಿಸಬೇಕು. 2011ರ ತಿದ್ದುಪಡಿ ಇದನ್ನು ಕರ್ತವ್ಯ ಮಾಡಿದೆ. ‘ಪಾಪ, ದುಃಖದಲ್ಲಿದ್ದಾರೆ, ಕೇಳೋದು ಬೇಡ’ ಎಂದು ಬಿಟ್ಟುಬಿಡುವ ಒಳ್ಳೆಯ ಮನಸ್ಸಿನವರನ್ನು ಬಹಳ ನೋಡಿದ್ದೇನೆ. ಆ ಕರುಣೆ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಅಣ್ಣನನ್ನು ಆ ರಾತ್ರಿ ಹಾಗೆ ‘ಬಿಟ್ಟದ್ದಕ್ಕೆ’ ಅವನು ಇವತ್ತಿಗೂ ಅಪ್ಪನ ಕಾರ್ಡ್ ನೋಡಿ ಕಣ್ಣೀರು ಹಾಕುತ್ತಾನೆ.

ವಿದ್ಯಾರ್ಥಿಯಾಗಿ ನೀನು ಒಪ್ಪಿಗೆ ಕೇಳಬೇಡ. ಅದು ನಿನ್ನ ಕೆಲಸವಲ್ಲ. ಕಣ್ಣಿನ ಪಾಪೆ ಹಿಗ್ಗಿ ನಿಂತಿದೆ, ಸಕ್ಷನ್ ಮಾಡಿದರೆ ಕೆಮ್ಮುತ್ತಿಲ್ಲ ಎಂದು ಕಂಡ ಕೂಡಲೇ ಡ್ಯೂಟಿ ಡಾಕ್ಟರಿಗೆ ಹೇಳು, ಹೊತ್ತು ಬರೆ. ಇಂಥದ್ದನ್ನು ಮೊದಲು ಕಾಣುವವರು ಹಾಸಿಗೆಯ ಬಳಿ ಇರುವ ಸಿಸ್ಟರ್‌ಗಳೇ. ಮಿದುಳು ಹೋದ ಮೇಲೆ ಮೈ ತನ್ನ ಬಿಸಿ ಕಾಯ್ದುಕೊಳ್ಳಲಾರದು, ಹೊದಿಸು. ಮೂತ್ರ ಗಂಟೆಗೆ ಲೀಟರಿನ ಹತ್ತಿರ ಹೋಗಬಹುದು, ಸೋಡಿಯಂ ಏರಬಹುದು, ಬಿಪಿ ಕುಸಿಯಬಹುದು, ಪ್ರತಿ ಗಂಟೆಯ ಲೆಕ್ಕ ತಪ್ಪಿಸಬೇಡ. ರೆಪ್ಪೆ ಮುಚ್ಚಿಡು, ಕಣ್ಣು ಒಣಗಬಾರದು. ದಾನ ಆಗಲಿ ಬಿಡಲಿ, ಮಗ್ಗಲು ಬದಲಿಸುವುದು, ಬಾಯಿ ಒರೆಸುವುದು ನಿಲ್ಲಿಸಬೇಡ. ಮನೆಯವರು ಗಾಜಿನಾಚೆಯಿಂದ ನೋಡುವುದು ಅದನ್ನೇ. ಆಸ್ಪತ್ರೆ ಕೈಬಿಟ್ಟಿತೋ ಇಲ್ಲವೋ ಎಂದು ಅವರು ತೀರ್ಮಾನ ಮಾಡುವುದು ನಿನ್ನ ಕೈ ನೋಡಿ.

ಮಾತು. ಹೆಸರು ಹಿಡಿದು ಕರೆ, ‘ಪೇಷೆಂಟು’ ಅನ್ನಬೇಡ, ‘ಬಾಡಿ’ ಅನ್ನಲೇಬೇಡ. ‘ಮಿಷಿನ್ ಮೇಲೆ ಬದುಕಿದ್ದಾರೆ’ ಅನ್ನಬೇಡ. ಆ ಒಂದು ಮಾತು ನಾಲ್ವರು ವೈದ್ಯರು ಹೇಳಿದ್ದನ್ನೆಲ್ಲ ಅಳಿಸುತ್ತದೆ. ಹೋದ ವರ್ಷ ಒಬ್ಬ ತಾಯಿ, ಪರೀಕ್ಷೆ ಎರಡೂ ಮುಗಿದು ಡಾಕ್ಟರು ‘ಹೋಗಿದ್ದಾನೆ’ ಎಂದು ಹೇಳಿ ಅರ್ಧ ಗಂಟೆಯಾದ ಮೇಲೂ, ಮಗನಿಗೆ ತಂದಿದ್ದ ರಾಗಿ ಅಂಬಲಿಯ ಫ್ಲಾಸ್ಕ್ ಹಿಡಿದು ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. ಏನೂ ಕೇಳಲಿಲ್ಲ. ಅವನು ಶಾಲೆಗೆ ಹೋಗುತ್ತಿದ್ದಾಗಿನ ಕತೆ ಹೇಳಿದರು, ಕೇಳಿದೆ. ಮುಕ್ಕಾಲು ಗಂಟೆ ಆಗಿರಬಹುದು. ಆಮೇಲೆ ಅವರೇ ಫ್ಲಾಸ್ಕನ್ನು ಚೀಲಕ್ಕೆ ಹಾಕಿ ‘ಇನ್ನೇನು ಮಾಡಬೇಕಮ್ಮಾ?’ ಅಂದರು. ನಾನು ದಾನದ ವಿಷಯ ಎತ್ತಿದ್ದು ಆಗ. ‘ಕೊಟ್ಟರೂ ಸರಿ, ಬೇಡ ಅಂದರೂ ಸರಿ, ನಿಮ್ಮ ಮಗನನ್ನು ನಾವು ನೋಡಿಕೊಳ್ಳುವ ರೀತಿ ಬದಲಾಗುವುದಿಲ್ಲ’ ಎಂದು ಮೊದಲೇ ಹೇಳಿದೆ. ಅವರು ಗಂಡನನ್ನು ಕೇಳಿ ಬರುತ್ತೇನೆ ಎಂದು ಎದ್ದು ಹೋದರು.

ಒಪ್ಪಿದರು. ಥಿಯೇಟರಿಗೆ ಹೋಗುವ ಕಾರಿಡಾರಿನಲ್ಲಿ ನಮ್ಮ ಸಿಸ್ಟರ್‌ಗಳು, ವಾರ್ಡ್ ಬಾಯ್‌ಗಳು, ಲಿಫ್ಟಿನವರು ಎಲ್ಲ ಎರಡೂ ಕಡೆ ನಿಂತರು. ಮುಗಿದ ಮೇಲೆ ಹೊಲಿಗೆ ಹಾಕಿ, ಸ್ನಾನ ಮಾಡಿಸಿ, ಅವರು ತಂದ ಬಿಳಿ ಪಂಚೆ ಉಡಿಸಿ ಕಳಿಸಿದೆವು. ಯಾರಿಗೆ ಏನು ಹೋಯಿತು ಎಂದು ಹೆಸರು ಹೇಳುವಂತಿಲ್ಲ. ಅವರೂ ಕೇಳಲಿಲ್ಲ. ಹದಿಮೂರನೇ ದಿನ ಫೋನ್ ಮಾಡಿದಾಗ ‘ಚೆನ್ನಾಗಿದ್ದಾರಾ ಅವರು?’ ಅಂತ ಮಾತ್ರ ಅಂದರು. ‘ಚೆನ್ನಾಗಿದ್ದಾರೆ’ ಅಂದೆ.

ನಿನ್ನ ಪೋಸ್ಟಿಂಗ್ ಮುಗಿದ ಮೇಲೆ ಬೆಂಗಳೂರಿಗೆ ಬಂದರೆ ಪತ್ರಿಕೆಯ ಮೂಲಕ ತಿಳಿಸು. ಒಂದು ದಿನ ನನ್ನ ಜೊತೆ ರೌಂಡ್ಸ್‌ಗೆ ಬಾ.